ರಸಾಯನವಿಜ್ಞಾನಿ ಲವಾಸಿಯೆ

ಪ್ರೌಢಶಾಲೆಯ ರಸಾಯನವಿಜ್ಞಾನದ ತರಗತಿಯಲ್ಲಿ ವಿದ್ಯಾರ್ಥಿಗಳು ಕಲಿಯಬೇಕಾದ ಮುಖ್ಯ ಪಾಠಗಳಲ್ಲಿ ರಾಸಾಯನಿಕ ಸಮೀಕರಣವನ್ನು ಸರಿದೂಗಿಸುವುದೂ ಒಂದು. ಕ್ರಿಯೆಯಲ್ಲಿ ಭಾಗವಹಿಸುವ ವಸ್ತುಗಳನ್ನು ಬಾಣದ ಗುರುತಿನ ಎಡಕ್ಕೂ, ಕ್ರಿಯೆಯಿಂದ ಹುಟ್ಟುವ ವಸ್ತುಗಳನ್ನು ಬಲಕ್ಕೂ ಬರೆಯುವುದು ವಾಡಿಕೆ. ಎರಡು ಕಡೆಗಳಲ್ಲಿಯೂ ಪ್ರತಿಯೊಂದು ಧಾತುವಿನ ಪರಮಾಣುಗಳ ಸಂಖ್ಯೆ ಸಮನಾಗಿರಬೇಕು. ಜಲಜನಕದ ಒಂದು ಅಣುವೂ ಆಮ್ಲಜನಕದ ಒಂದು ಅಣುವೂ ಸೇರಿ ನೀರಿನ ಒಂದು ಅಣುವಾಯಿತೆಂದು ಬರೆದರೆ, ಎಡಗಡೆಯಲ್ಲಿ ಆಮ್ಲಜನಕದ ಎರಡು ಪರಮಾಣುಗಳಿದ್ದು ಬಲಗಡೆಯಲ್ಲಿ ಒಂದೇ ಉಳಿಯುತ್ತದೆ. ಮತ್ತೊಂದು ಎಲ್ಲಿ ಹೋಯಿತು? ನೀರಿನ ಅಣುವಿನ ರಚನೆಯನ್ನು ಬದಲಿಸುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಅಣುಗಳ ಸಂಖ್ಯೆಯನ್ನು ಮಾತ್ರ ಹೊಂದಿಸಬಹುದು. ಜಲಜನಕದ ಎರಡು ಅಣುಗಳು ಆಮ್ಲಜನಕದ ಒಂದು ಅಣುವಿನೊಡನೆ ಸೇರಿ ನೀರಿನ ಎರಡು ಅಣುಗಳಾದುವೆಂದು ತಿದ್ದಿದಾಗ ಲೆಕ್ಕ ಸರಿಹೋಗುತ್ತದೆ.

ಈ ಲೆಕ್ಕ ಏಕೆ ಸರಿಹೋಗಲೇಬೇಕು? ವಸ್ತುವು ರೂಪವನ್ನು ಬದಲಿಸುತ್ತದೆಯೇ ಹೊರತು ಇಲ್ಲವಾಗುವುದಿಲ್ಲ ಎಂಬುದೇ ಇದಕ್ಕೆ ಉತ್ತರ. ಈ ನಿಯಮವನ್ನು ಬೆಂಗಳೂರಿನ ಪೀಣ್ಯದ ಕಾರ್ಖಾನೆಯೂ ಮೀರಲಾರದು, ವರ್ತೂರಿನ ಕೆರೆಯೂ ಮೀರಲಾರದು. ಅದನ್ನು ತಕ್ಕಡಿಯ ನೆರವಿನಿಂದ ಸ್ಥಾಪಿಸಿ, ರಸಾಯನವಿಜ್ಞಾನಕ್ಕೆ ಭದ್ರವಾದ ತಳಹದಿಯನ್ನು ಹಾಕಿದ ಮಹನೀಯನು ಫ್ರಾನ್ಸ್ ದೇಶದ ಆಂಟ್ವಾನ್ ಲವಾಸಿಯೆ.

ಲವಾಸಿಯೆಯು 1743ನೆಯ ಇಸವಿಯ ಆಗಸ್ಟ್ 26ರಂದು ಪ್ಯಾರಿಸ್ ನಗರದಲ್ಲಿ ಜನಿಸಿದನು. ತಂದೆ ಅನುಕೂಲಸ್ಥನಾದ ವಕೀಲ. ಐದು ವರ್ಷದ ಬಾಲಕನಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡ ಆತನನ್ನು ತಾಯಿಯ ಸೋದರಿಯು ಅಕ್ಕರೆಯಿಂದ ಬೆಳೆಸಿದಳು. ಮನೆತನದ ವೃತ್ತಿಯನ್ನು ಮುಂದುವರಿಸಬೇಕೆಂದು ಆತನು ನ್ಯಾಯಶಾಸ್ತ್ರವನ್ನು ಅಭ್ಯಾಸಮಾಡಿ 1764ರಲ್ಲಿ ವಕೀಲಿಗೆ ಅರ್ಹತೆಯನ್ನೂ ಪಡೆದನು. ಆದರೆ ಆತನ ಒಲವು ವಿಜ್ಞಾನದತ್ತ ಹರಿದಿತ್ತು. ಲಕೈಲ್ ಎಂಬ ವಿದ್ವಾಂಸನಿಂದ ಗಣಿತವನ್ನೂ ಖಗೋಳವಿಜ್ಞಾನವನ್ನೂ, ಗೆಟಾರ್ ಎಂಬವನಿಂದ ಭೂವಿಜ್ಞಾನವನ್ನೂ ಕಲಿತನು. ರುಯೆಲ್ ಎಂಬವನ ರಸಾಯನವಿಜ್ಞಾನದ ಉಪನ್ಯಾಸಗಳನ್ನು ತಪ್ಪದೆ ಕೇಳಿದನು. ಗಣಿತದ ಖಚಿತತೆ ರಸಾಯನವಿಜ್ಞಾನಕ್ಕೂ ಬರಬೇಕೆಂಬ ಹಂಬಲ ಆತನಲ್ಲಿ ಆಗಲೇ ಮೊಳೆಯಿತು.

ಅಂದಿನ ರಸಾಯನವಿಜ್ಞಾನದಲ್ಲಿ ಬಣ್ಣ, ವಾಸನೆ, ರುಚಿಗಳ ವರ್ಣನೆಗೆ ಇದ್ದ ಪ್ರಾಶಸ್ತ್ಯ ತೂಕಕ್ಕೆ ಇರಲಿಲ್ಲ. ಲವಾಸಿಯೆಯು ಮೊದಲಿನಿಂದಲೂ ತೂಕವನ್ನೇ ನಂಬಿದನು. 1765ರಲ್ಲಿ ಆತನು ವಿಜ್ಞಾನ ಅಕಾಡೆಮಿಗೆ ಒಪ್ಪಿಸಿದ ಮೊದಲ ಪ್ರಬಂಧ ಜಿಪ್ಸಂ ಖನಿಜವನ್ನು ಕುರಿತದ್ದು. ಕಾಯಿಸಿದಾಗ ಜಿಪ್ಸಂ ನೀರನ್ನು ಬಿಟ್ಟುಕೊಟ್ಟು ಪುಡಿಯಾಗುತ್ತದೆ. ಆ ಪುಡಿಗೆ ನೀರನ್ನು ಬೆರೆಸಿದರೆ ಅದನ್ನು ಹೀರಿಕೊಂಡು ಮತ್ತೆ ಗಟ್ಟಿಯಾಗುತ್ತದೆ ಎಂಬುದನ್ನು ಆತನು ತೋರಿಸಿದನು. ನೀರನ್ನು ಬಹುಕಾಲ ಕಾಯಿಸಿದರೆ ಅದು ಮಣ್ಣಾಗುತ್ತದೆ ಎಂಬ ನಂಬಿಕೆ ಆ ಕಾಲದಲ್ಲಿತ್ತು. ಲವಾಸಿಯೆಯು ಗಾಜಿನ ಪಾತ್ರೆಯಲ್ಲಿ ನೀರನ್ನು ಮುಚ್ಚಿಟ್ಟು 101 ದಿನಗಳ ಕಾಲ ಎಡೆಬಿಡದೆ ಕಾಯಿಸಿದನು. ತಳದಲ್ಲಿ ಗಸಿಯೇನೋ ಕಾಣಿಸಿತು. ಆದರೆ ಪಾತ್ರೆ ಮತ್ತು ನೀರಿನ ಒಟ್ಟು ತೂಕ ಬದಲಾಗಿರಲಿಲ್ಲ. ಬರಿಯ ಪಾತ್ರೆಯನ್ನು ತೂಗಿದಾಗ ಅದರ ತೂಕ ಕಡಿಮೆಯಾಗಿತ್ತು. ಗಾಜು ಕರಗಿ ಗಸಿಯಾಗಿತ್ತೆಂಬುದೂ, ನೀರು ನೀರಾಗಿಯೇ ಉಳಿದಿತ್ತೆಂಬುದೂ ಸ್ಪಷ್ಟವಾಯಿತು. ಹಲವು ಶತಮಾನಗಳ ನಂಬಿಕೆಯೊಂದು ಒಂದು ತಕ್ಕಡಿಯ ಮುಂದೆ ಸೋತಿತು.

1768ನೆಯ ಇಸವಿಯಲ್ಲಿ ಆತನ ಜೀವನವನ್ನು ರೂಪಿಸಿದ ಎರಡು ಘಟನೆಗಳು ನಡೆದುವು. ಇಪ್ಪತ್ತೈದು ತುಂಬುವ ಮೊದಲೇ ಆತನು ವಿಜ್ಞಾನ ಅಕಾಡೆಮಿಯ ಸದಸ್ಯನಾದನು. ಅದೇ ವರ್ಷ ತೆರಿಗೆ ಗುತ್ತಿಗೆದಾರರ ಕೂಟದಲ್ಲಿ ಪಾಲನ್ನು ಕೊಂಡನು. ಉಪ್ಪು, ಹೊಗೆಸೊಪ್ಪು ಮುಂತಾದವುಗಳ ಮೇಲಣ ತೆರಿಗೆಯನ್ನು ವಸೂಲು ಮಾಡುವ ಹಕ್ಕನ್ನು ಫ್ರಾನ್ಸಿನ ಅರಸರು ಈ ಧನಿಕರ ಕೂಟಕ್ಕೆ ಗುತ್ತಿಗೆ ಕೊಡುತ್ತಿದ್ದರು. ಅರಸನಿಗೆ ಸಲ್ಲಬೇಕಾದುದನ್ನು ಸಲ್ಲಿಸಿ ಮಿಕ್ಕುದನ್ನು ಗುತ್ತಿಗೆದಾರರು ಹಂಚಿಕೊಳ್ಳುತ್ತಿದ್ದರು. 1930ರಲ್ಲಿ ಅಂಕೋಲೆಯ ಕಡಲತೀರದಲ್ಲಿ ಉಪ್ಪಿನ ಸತ್ಯಾಗ್ರಹವನ್ನು ಕಂಡ ನಾಡಿನವರಿಗೆ ಉಪ್ಪಿನ ತೆರಿಗೆಯ ಕಹಿಯನ್ನು ಬಣ್ಣಿಸಬೇಕಾಗಿಲ್ಲ. ಲವಾಸಿಯೆಯ ಸೂಕ್ಷ್ಮವಾದ ತಕ್ಕಡಿಗಳಿಗೂ ಬೆಲೆಬಾಳುವ ಉಪಕರಣಗಳಿಗೂ ಹಣ ಒದಗಿದ್ದು ಬಹುಮಟ್ಟಿಗೆ ಈ ಮೂಲದಿಂದಲೇ. ಮುಂದೆ ಆತನ ಪ್ರಾಣಕ್ಕೆ ಮುಳುವಾದುದೂ ಇದೇ.

1771ರಲ್ಲಿ ಲವಾಸಿಯೆಯು ಸಹ ಗುತ್ತಿಗೆದಾರನಾದ ಪೋಲ್ಜ್ ಎಂಬವನ ಮಗಳು ಮರಿ ಆನ್‌ಳನ್ನು ವಿವಾಹವಾದನು. ಆಗ ಆಕೆಗೆ ಹದಿಮೂರು ವರ್ಷ. ಅಂದಿನ ಪದ್ಧತಿಯಂತೆ ಎಳೆಯ ಹರೆಯದಲ್ಲಿ ಮನೆ ತುಂಬಿದ ಆ ಹುಡುಗಿ ಕೆಲವೇ ವರ್ಷಗಳಲ್ಲಿ ಪತಿಯ ಸಂಶೋಧನೆಯಲ್ಲಿ ಸಹಭಾಗಿನಿಯಾದಳು. ಆಕೆ ಇಂಗ್ಲಿಷನ್ನು ಕಲಿತು ಆ ಭಾಷೆಯ ವಿಜ್ಞಾನ ಗ್ರಂಥಗಳನ್ನು ಫ್ರೆಂಚಿಗೆ ಅನುವಾದಿಸಿದಳು. ಚಿತ್ರಕಲೆಯನ್ನು ಅಭ್ಯಾಸಮಾಡಿ ಉಪಕರಣಗಳ ಚಿತ್ರಗಳನ್ನು ಬರೆದಳು. ಪ್ರಯೋಗಗಳ ವಿವರಗಳನ್ನು ದಾಖಲಿಸಿದಳು. ಲವಾಸಿಯೆಯು ಬೆಳಿಗ್ಗೆ 6ರಿಂದ 9ರವರೆಗೆ, ಸಂಜೆ 7ರಿಂದ 10ರವರೆಗೆ ಪ್ರಯೋಗಶಾಲೆಯಲ್ಲಿರುತ್ತಿದ್ದನು. ನಡುವಣ ಸಮಯವೆಲ್ಲ ಸರ್ಕಾರದ ಮತ್ತು ಅಕಾಡೆಮಿಯ ಕೆಲಸಗಳಿಗೆ ಮೀಸಲು. ವಾರದಲ್ಲಿ ಒಂದು ದಿನ ಪೂರ್ತಿಯಾಗಿ ಪ್ರಯೋಗಕ್ಕೆ ಸಲ್ಲುತ್ತಿತ್ತು. ಅದೇ ಆತನ ಹಬ್ಬದ ದಿನ.

ವಸ್ತುಗಳು ಉರಿಯುವುದೇಕೆ ಎಂಬುದು ಆ ಕಾಲದ ದೊಡ್ಡ ಸಮಸ್ಯೆ. ಉರಿಯುವ ವಸ್ತುಗಳಲ್ಲೆಲ್ಲ ಫ್ಲಾಜಿಸ್ಟನ್ ಎಂಬ ತತ್ತ್ವವಿದ್ದು, ಉರಿಯುವಾಗ ಅದು ಹೊರಟುಹೋಗುತ್ತದೆಯೆಂದು ಪಂಡಿತರು ನಂಬಿದ್ದರು. ಸೌದೆ ಉರಿದು ಹಿಡಿ ಬೂದಿಯಾಗುವುದನ್ನು ಕಂಡವರಿಗೆ ಈ ಮಾತು ಒಪ್ಪಿಗೆಯಾಗುವುದು ಸಹಜ. ಆದರೆ ಲವಾಸಿಯೆಯು 1772ರಲ್ಲಿ ಗಂಧಕವನ್ನೂ ರಂಜಕವನ್ನೂ ಉರಿಸಿ ತೂಗಿದಾಗ ತೂಕವು ಕಡಿಮೆಯಾಗುವುದಕ್ಕೆ ಬದಲು ಹೆಚ್ಚಾಗಿತ್ತು. ಏನೋ ಒಂದು ಹೊರಟುಹೋಗಿದ್ದರೆ ತೂಕ ಹೆಚ್ಚುವುದು ಹೇಗೆ? ಆತನು ತವರವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಬಾಯನ್ನು ಬೆಸೆದು, ಕಾಯಿಸಿದನು. ತವರ ಭಸ್ಮವಾಯಿತು, ಮುಚ್ಚಿದ ಪಾತ್ರೆಯ ಒಟ್ಟು ತೂಕ ಮಾತ್ರ ಇದ್ದಷ್ಟೇ ಇತ್ತು. ಬಾಯನ್ನು ಒಡೆದಾಗ ಹೊರಗಿನ ಗಾಳಿ ಒಳನುಗ್ಗಿತು. ಪಾತ್ರೆಯೊಳಗಿನ ಗಾಳಿಯ ಒಂದು ಭಾಗ ಲೋಹದೊಡನೆ ಕೂಡಿಕೊಂಡಿತ್ತೆಂಬುದರಲ್ಲಿ ಸಂದೇಹ ಉಳಿಯಲಿಲ್ಲ. ಹೀಗೆ ಎರಡು ವಸ್ತುಗಳು ಕೂಡಿ ಒಂದಾಗುವ ಕ್ರಿಯೆಗೆ ಸಂಯೋಗ ಕ್ರಿಯೆಯೆಂದು ಹೆಸರು.

ಗಾಳಿಯ ಆ ಭಾಗ ಯಾವುದು? 1774ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ಪ್ರೀಸ್ಟ್‌ಲಿ ಪ್ಯಾರಿಸಿಗೆ ಬಂದಾಗ, ಪಾದರಸದ ಕೆಂಪು ಭಸ್ಮವನ್ನು ಕಾಯಿಸಿ ತಾನು ಪಡೆದ ಒಂದು ಅನಿಲದ ವಿಷಯವನ್ನು ಲವಾಸಿಯೆಯ ಮನೆಯ ಭೋಜನಕೂಟದಲ್ಲಿ ತಿಳಿಸಿದನು. ಆ ಅನಿಲದಲ್ಲಿ ಮೇಣದ ಬತ್ತಿ ಉಜ್ವಲವಾಗಿ ಉರಿಯುತ್ತಿತ್ತು. ಸ್ವೀಡನ್ನಿನ ಷೀಲೆಯೂ ಸ್ವತಂತ್ರವಾಗಿ ಅದನ್ನು ಪಡೆದಿದ್ದನು. ಆದರೆ ಆ ಅನಿಲದ ನಿಜವಾದ ಸ್ವರೂಪವನ್ನು ಅವರಿಬ್ಬರೂ ಅರಿಯಲಿಲ್ಲ. ಲವಾಸಿಯೆಯು ಪಾದರಸವನ್ನು 50 ಘನ ಅಂಗುಲ ಗಾಳಿಯೊಡನೆ ಹನ್ನೆರಡು ದಿನ ಕಾಯಿಸಿದನು. ಪಾದರಸದ ಮೇಲೆ ಕೆಂಪು ಭಸ್ಮ ಮೂಡಿತು. ಗಾಳಿ ಸುಮಾರು 42 ಘನ ಅಂಗುಲಕ್ಕೆ ಇಳಿಯಿತು. ಉಳಿದ ಗಾಳಿಯಲ್ಲಿ ದೀಪ ಆರಿತು. ಆ ಕೆಂಪು ಭಸ್ಮವನ್ನು ಬೇರೆಯಾಗಿ ಇನ್ನೂ ಹೆಚ್ಚು ಕಾಯಿಸಿದಾಗ ಪಾದರಸ ಮರಳಿ ಬಂದಿತು. ಅದರೊಡನೆ 7ರಿಂದ 8 ಘನ ಅಂಗುಲ ಅನಿಲವೂ ಹೊರಬಂದಿತು. ಹೋದಷ್ಟೂ ಹಿಂದಿರುಗಿತ್ತು. ಒಂದು ವಸ್ತು ಒಡೆದು ಎರಡಾಗುವ ಈ ಬಗೆಗೆ ವಿಭಜನ ಕ್ರಿಯೆಯೆನ್ನುತ್ತಾರೆ. ಭಸ್ಮದ ಎರಡು ಘಟಕಗಳಿಂದ ಪಾದರಸದ ಎರಡು ಪರಮಾಣುಗಳೂ ಆಮ್ಲಜನಕದ ಒಂದು ಅಣುವೂ ದೊರೆಯುತ್ತವೆ. ಆಮ್ಲಜನಕವೆಂಬ ಅರ್ಥದ ಹೆಸರನ್ನು ಆ ಅನಿಲಕ್ಕೆ ಇಟ್ಟವನು ಲವಾಸಿಯೆಯೇ. ಪ್ರೀಸ್ಟ್‌ಲಿಗೆ ಸಲ್ಲಬೇಕಾದ ಗೌರವವನ್ನು ಆತನು ಮನಃಪೂರ್ವಕವಾಗಿ ಸಲ್ಲಿಸಲಿಲ್ಲವೆಂಬ ಆಕ್ಷೇಪ ಇಂದಿಗೂ ಉಳಿದಿದೆ.

ನೀರು ಒಂದು ಮೂಲವಸ್ತುವೆಂಬ ಪ್ರಾಚೀನ ಭಾವನೆಯೂ ಹೀಗೆಯೇ ಅಳಿಯಿತು. ಇಂಗ್ಲೆಂಡಿನ ಕ್ಯಾವೆಂಡಿಷನ ಪ್ರಯೋಗದ ಸುದ್ದಿ ತಿಳಿದ ಲವಾಸಿಯೆಯು 1783ರಲ್ಲಿ ಲಾಪ್ಲಾಸನೊಡನೆ ಸೇರಿ ಜಲಜನಕವನ್ನು ಆಮ್ಲಜನಕದಲ್ಲಿ ಉರಿಸಿ ನೀರನ್ನು ಪಡೆದನು. ಅನಂತರ ಕೆಂಪಗೆ ಕಾದ ಕಬ್ಬಿಣದ ಕೊಳವೆಯಲ್ಲಿ ನೀರಿನ ಹಬೆಯನ್ನು ಹಾಯಿಸಿದನು. ಕಬ್ಬಿಣವು ನೀರಿನ ಆಮ್ಲಜನಕವನ್ನು ಸೆಳೆದುಕೊಂಡು ಜಲಜನಕವನ್ನು ಹೊರಹಾಕಿತು. ಒಂದು ಧಾತು ಮತ್ತೊಂದನ್ನು ಅದರ ಸ್ಥಾನದಿಂದ ಕದಲಿಸುವುದರಿಂದ ಇದು ಸ್ಥಾನಪಲ್ಲಟ ಕ್ರಿಯೆ. ಕಬ್ಬಿಣದ ಮೂರು ಪರಮಾಣುಗಳಿಗೆ ನೀರಿನ ನಾಲ್ಕು ಅಣುಗಳು ಬೇಕು. ಹೊರಬರುವುದು ಜಲಜನಕದ ನಾಲ್ಕು ಅಣುಗಳು. ಕಬ್ಬಿಣದ ತೂಕ ಹೆಚ್ಚಿದುದನ್ನೂ ಜಲಜನಕದ ತೂಕವನ್ನೂ ಕೂಡಿ, ಕಳೆದುಹೋದ ನೀರಿನ ತೂಕದೊಡನೆ ಹೋಲಿಸುವುದೇ ಆತನ ಕ್ರಮ.

ವಿಜ್ಞಾನದ ಕೆಲಸದೊಡನೆ ರಾಷ್ಟ್ರದ ಕೆಲಸವೂ ಆತನ ಪಾಲಿಗೆ ಬಂದಿತು. ಸಿಡಿಮದ್ದಿಗೆ ಅತ್ಯವಶ್ಯವಾದ ಪೆಟ್ಲುಪ್ಪು ಭಾರತದ ಬಂಗಾಳ, ಬಿಹಾರ ಪ್ರಾಂತಗಳಲ್ಲಿ ಹೇರಳವಾಗಿ ದೊರೆಯುತ್ತಿತ್ತು. 1756ರಿಂದ 1763ರವರೆಗೆ ನಡೆದ ಏಳು ವರ್ಷಗಳ ಯುದ್ಧದ ಕಾಲದಲ್ಲಿ ಆ ಪ್ರಾಂತಗಳು ಇಂಗ್ಲಿಷರ ಹಿಡಿತಕ್ಕೆ ಬಂದುದರಿಂದ ಫ್ರೆಂಚರಿಗೆ ಭಾರತದ ಪೆಟ್ಲುಪ್ಪು ಸಿಗದಂತಾಯಿತು. 1775ರಲ್ಲಿ ಸಿಡಿಮದ್ದಿನ ಇಲಾಖೆಯ ಹೊಣೆ ಹೊತ್ತ ಲವಾಸಿಯೆಯು ಸ್ವದೇಶದಲ್ಲಿಯೇ ಪೆಟ್ಲುಪ್ಪಿನ ಉತ್ಪಾದನೆಯನ್ನು ಹೆಚ್ಚಿಸಿದನು. ಹಳೆಯ ಕೊಟ್ಟಿಗೆ, ನೆಲಮಾಳಿಗೆಗಳ ಮಣ್ಣನ್ನು ನೀರಿನಲ್ಲಿ ಕದಡಿ ಬಸಿದರೆ ಕ್ಯಾಲ್ಸಿಯಂ ನೈಟ್ರೇಟ್ ದೊರೆಯುತ್ತದೆ. ಅದಕ್ಕೆ ಸೌದೆಯ ಬೂದಿಯಲ್ಲಿರುವ ಪೊಟಾಸಿಯಂ ಕಾರ್ಬೊನೇಟನ್ನು ಬೆರೆಸಿದರೆ ಎರಡೂ ಲವಣಗಳು ತಮ್ಮ ಭಾಗಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಸುಣ್ಣಕಲ್ಲಿನ ಪುಡಿ ತಳಕ್ಕಿಳಿಯುತ್ತದೆ. ಪೆಟ್ಲುಪ್ಪು ನೀರಿನಲ್ಲಿ ಉಳಿಯುತ್ತದೆ. ಇದು ದ್ವಿಸ್ಥಾನಪಲ್ಲಟ ಕ್ರಿಯೆ. ಎಡಗಡೆಯ ಒಂದೊಂದು ಘಟಕಕ್ಕೆ ಬಲಗಡೆಯಲ್ಲಿ ಪೆಟ್ಲುಪ್ಪಿನ ಎರಡು ಘಟಕಗಳೂ ಸುಣ್ಣಕಲ್ಲಿನ ಒಂದು ಘಟಕವೂ ಬರುತ್ತವೆ. ಈ ಕೆಲಸದಲ್ಲಿ ಅಪಾಯವೂ ಇತ್ತು. 1788ರಲ್ಲಿ ಎಸೋನ್ ಎಂಬಲ್ಲಿ ಹೊಸಬಗೆಯ ಮದ್ದನ್ನು ಪರೀಕ್ಷಿಸುತ್ತಿದ್ದಾಗ ಆದ ಸ್ಫೋಟದಲ್ಲಿ ಇಬ್ಬರು ಮಡಿದರು. ಲವಾಸಿಯೆ ದಂಪತಿಗಳು ಸ್ವಲ್ಪದರಲ್ಲಿ ಪಾರಾದರು.

ರಸಾಯನವಿಜ್ಞಾನದ ಹೆಸರುಗಳೂ ಅಂದು ಗೊಂದಲಮಯವಾಗಿದ್ದುವು. ಒಂದೇ ವಸ್ತುವಿಗೆ ಊರಿಗೊಂದು ಹೆಸರಿತ್ತು. ಲವಾಸಿಯೆಯು ಮೂವರು ಗೆಳೆಯರೊಡನೆ ಸೇರಿ 1787ರಲ್ಲಿ ಹೊಸ ನಾಮಕರಣ ಪದ್ಧತಿಯನ್ನು ಪ್ರಕಟಿಸಿದನು. ಹೆಸರನ್ನು ಕೇಳಿದೊಡನೆ ವಸ್ತುವಿನಲ್ಲಿ ಏನಿದೆಯೆಂಬುದು ತಿಳಿಯಬೇಕೆಂಬುದು ಅದರ ಉದ್ದೇಶ. 1789ರಲ್ಲಿ ಹೊರಬಂದ ಆತನ ರಸಾಯನವಿಜ್ಞಾನದ ಪಠ್ಯಗ್ರಂಥದಲ್ಲಿ 33 ಮೂಲವಸ್ತುಗಳ ಪಟ್ಟಿಯಿದೆ. ದ್ರಾಕ್ಷಾರಸವು ಹುದುಗಿ ಮದ್ಯವಾಗುವುದನ್ನು ವಿವರಿಸುವಾಗ, ರಸವನ್ನು ಒಂದು ಕಡೆಗೂ, ಅದರಿಂದ ಹುಟ್ಟುವ ಇಂಗಾಲಾಮ್ಲವನ್ನೂ ಮದ್ಯಸಾರವನ್ನೂ ಮತ್ತೊಂದು ಕಡೆಗೂ ಬರೆದು, ನಡುವೆ ಬೀಜಗಣಿತದ ಸಮಚಿಹ್ನೆಯನ್ನು ಆತನು ಹಾಕಿದನು. ಇಡ್ಲಿಯ ಹಿಟ್ಟು ರಾತ್ರಿ ಕಳೆಯುವುದರೊಳಗೆ ಉಬ್ಬುವುದೂ ಹುದುಗುವಿಕೆಯಲ್ಲಿ ಹುಟ್ಟುವ ಈ ಇಂಗಾಲದ ಅನಿಲದಿಂದಲೇ. ಇಂದಿನ ರಾಸಾಯನಿಕ ಸಮೀಕರಣಕ್ಕೆ ಆ ಸಾಲು ಪೂರ್ವಜ. ಪರಮಾಣುಗಳ ಸಿದ್ಧಾಂತವನ್ನು ಡಾಲ್ಟನನೂ, ಅಕ್ಷರಗಳ ಸಂಕೇತಗಳನ್ನು ಬರ್ಜೀಲಿಯಸನೂ ಸೇರಿಸಿದ್ದು ಮುಂದಿನ ಶತಮಾನದಲ್ಲಿ. ಲವಾಸಿಯೆಯ ಗ್ರಂಥದಲ್ಲಿ ತಪ್ಪುಗಳು ಇರಲಿಲ್ಲವೆಂದಲ್ಲ. ಬೆಳಕನ್ನೂ ಶಾಖವನ್ನೂ ಆತನು ಮೂಲವಸ್ತುಗಳೆಂದೇ ಎಣಿಸಿದ್ದನು. ಆಮ್ಲಗಳಲ್ಲೆಲ್ಲ ಆಮ್ಲಜನಕ ಇರಲೇಬೇಕೆಂದು ನಂಬಿದ್ದನು. ಅವುಗಳನ್ನು ಮುಂದಿನವರು ತಿದ್ದಿದರು. ತಿದ್ದುವುದಕ್ಕೆ ಬಳಸಿದ ಕ್ರಮ ಮಾತ್ರ ಆತನದೇ ಆಗಿತ್ತು.

ಆ ಗ್ರಂಥ ಪ್ರಕಟವಾದ ವರ್ಷವೇ ಫ್ರಾನ್ಸಿನಲ್ಲಿ ಮಹಾಕ್ರಾಂತಿ ಸಿಡಿಯಿತು. ಲವಾಸಿಯೆಯು ಸುಧಾರಣೆಗಳನ್ನು ಬಯಸಿದವನೇ. ಹೊಸ ಸರ್ಕಾರಕ್ಕಾಗಿ ತೂಕ ಮತ್ತು ಅಳತೆಗಳನ್ನು ಏಕರೂಪಗೊಳಿಸುವ ಕಾರ್ಯದಲ್ಲಿಯೂ ಆತನು ದುಡಿದನು. ಇಂದು ನಾವು ಬಳಸುವ ಮೆಟ್ರಿಕ್ ಪದ್ಧತಿ ಆ ಪ್ರಯತ್ನದ ಫಲ. ಆದರೆ ತೆರಿಗೆ ಗುತ್ತಿಗೆದಾರರ ಮೇಲೆ ಬಡವರ ಮನಸ್ಸಿನಲ್ಲಿ ಹೊಗೆಯಾಡುತ್ತಿದ್ದ ಸಿಟ್ಟು ಬೆಂಕಿಯಾಗಿತ್ತು. ಸುಂಕ ತಪ್ಪಿಸಿ ಸರಕನ್ನು ಸಾಗಿಸುವವರನ್ನು ತಡೆಯಲು ಪ್ಯಾರಿಸಿನ ಸುತ್ತ ಕಟ್ಟಿಸಿದ ಗೋಡೆಗೆ ಸಲಹೆ ಕೊಟ್ಟವನು ಲವಾಸಿಯೆಯೆಂಬುದನ್ನು ಜನ ಮರೆತಿರಲಿಲ್ಲ. ಕ್ರಾಂತಿಯ ನಾಯಕರಲ್ಲೊಬ್ಬನಾದ ಮರಾ 1791ರಲ್ಲಿ ಆತನನ್ನು ಕಟುವಾಗಿ ನಿಂದಿಸಿದನು. 1793ರ ನವೆಂಬರಿನಲ್ಲಿ ಗುತ್ತಿಗೆದಾರರೆಲ್ಲರ ಬಂಧನಕ್ಕೆ ಆಜ್ಞೆಯಾಯಿತು. ಲವಾಸಿಯೆಯು ತಾನಾಗಿಯೇ ಹೋಗಿ ಸೆರೆಯಾದನು. 1794ರ ಮೇ 8ರಂದು ವಿಚಾರಣೆ ನಡೆದು, ಅದೇ ದಿನ ಇಪ್ಪತ್ತೆಂಟು ಮಂದಿ ಗುತ್ತಿಗೆದಾರರ ಶಿರಚ್ಛೇದವಾಯಿತು. ಅವರಲ್ಲಿ ಲವಾಸಿಯೆಯೂ ಆತನ ಮಾವನೂ ಇದ್ದರು. ಆಗ ಲವಾಸಿಯೆಗೆ ಐವತ್ತು ವರ್ಷ.

ಒಂದೇ ದಿನದಲ್ಲಿ ಪತಿಯನ್ನೂ ತಂದೆಯನ್ನೂ ಕಳೆದುಕೊಂಡ ಮರಿ ಆನ್ ಧೃತಿಗೆಡಲಿಲ್ಲ. ಸರ್ಕಾರವು ತನ್ನ ತಪ್ಪನ್ನು ಮನಗಂಡು, ಮುಟ್ಟುಗೋಲು ಹಾಕಿಕೊಂಡಿದ್ದ ಉಪಕರಣಗಳನ್ನೂ ಪುಸ್ತಕಗಳನ್ನೂ ಹಿಂದಿರುಗಿಸಿತು. ಪತಿಯು ಸೆರೆಯಲ್ಲಿದ್ದಾಗಲೂ ಸಿದ್ಧಗೊಳಿಸುತ್ತಿದ್ದ ಪ್ರಬಂಧಗಳನ್ನು ಆಕೆ ಅಚ್ಚುಮಾಡಿಸಿ ವಿದ್ವಾಂಸರಿಗೆ ಹಂಚಿದಳು. 1836ರವರೆಗೆ ಬದುಕಿದ್ದ ಆಕೆಯ ಶ್ರದ್ಧೆಯಿಂದ ಲವಾಸಿಯೆಯ ಕೆಲಸ ಮಣ್ಣುಪಾಲಾಗದೆ ಉಳಿಯಿತು.

ಲವಾಸಿಯೆಯ ನಿಯಮವು ಎಷ್ಟು ನಿಷ್ಠುರವಾದುದೆಂಬುದನ್ನು ಬೆಂಗಳೂರಿನ ಹೊರವಲಯದಲ್ಲಿ ಇಂದು ಕಣ್ಣಾರೆ ಕಾಣಬಹುದು. ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ಸಾವಿರಾರು ಸಣ್ಣ ಕಾರ್ಖಾನೆಗಳಿವೆ. ಲೋಹಗಳಿಗೆ ಲೇಪನ ಹಾಕುವ ಕಾರ್ಖಾನೆಗಳಲ್ಲಿ ಮೊದಲು ಉಕ್ಕನ್ನು ಆಮ್ಲದಲ್ಲಿ ಅದ್ದಿ ತುಕ್ಕನ್ನು ಕಳೆಯುತ್ತಾರೆ. ತುಕ್ಕಿನ ಒಂದು ಘಟಕ ಕರಗುವುದಕ್ಕೆ ಹೈಡ್ರೋಕ್ಲೋರಿಕ್ ಆಮ್ಲದ ಆರು ಅಣುಗಳು ಬೇಕು. ಅನಂತರ ಹೊಳಪಿಗಾಗಿ ಕ್ರೋಮಿಯಂ ಲೇಪನ ಹಾಕುವುದುಂಟು. ಆ ತೊಟ್ಟಿಯ ನೀರಿನಲ್ಲಿರುವ ಕ್ರೋಮಿಯಂ ಬಹು ವಿಷಕರವಾದ ರೂಪದ್ದು. ಅದನ್ನು ಚರಂಡಿಗೆ ಚೆಲ್ಲಿದರೆ ಕಣ್ಣಿಗೆ ಮರೆಯಾಗುತ್ತದೆ, ಇಲ್ಲವಾಗುವುದಿಲ್ಲ. ಪೀಣ್ಯದ ಕೆಲವೆಡೆಗಳ ಅಂತರ್ಜಲದಲ್ಲಿ ಈ ಕ್ರೋಮಿಯಂ ಬೆರೆತಿರುವುದು ಪರೀಕ್ಷೆಗಳಿಂದ ತಿಳಿದುಬಂದಿದೆ. ತೊಟ್ಟಿಯಿಂದ ಹೊರಟುದು ಕೊಳವೆಬಾವಿಯಲ್ಲಿ ಕಾಣಿಸಿಕೊಂಡಿತು.

ಇದಕ್ಕೆ ಪರಿಹಾರವನ್ನೂ ಸರಿದೂಗಿಸಿದ ಸಮೀಕರಣವೇ ಹೇಳುತ್ತದೆ. ಆಮ್ಲಯುಕ್ತವಾದ ಆ ನೀರಿಗೆ ಫೆರಸ್ ಸಲ್ಫೇಟನ್ನು ಬೆರೆಸಿದರೆ ಕಬ್ಬಿಣವು ಉತ್ಕರ್ಷಣಗೊಂಡು ಕ್ರೋಮಿಯಂ ಅಪಕರ್ಷಣಗೊಳ್ಳುತ್ತದೆ; ವಿಷದ ತೀಕ್ಷ್ಣತೆ ತಗ್ಗುತ್ತದೆ. ಬಳಿಕ ಸುಣ್ಣವನ್ನು ಸೇರಿಸಿದರೆ ಅದು ಗಸಿಯಾಗಿ ತಳಕ್ಕಿಳಿಯುತ್ತದೆ. ಕ್ರೋಮಿಯಂನ ಒಂದು ಪರಮಾಣುವಿಗೆ ಕಬ್ಬಿಣದ ಮೂರು ಪರಮಾಣುಗಳು ಬೇಕು. ಖರ್ಚನ್ನು ಉಳಿಸಲು ಮೂರರ ಬದಲು ಎರಡನ್ನೇ ಒದಗಿಸಿದರೆ ಮೂರರಲ್ಲಿ ಒಂದು ಪಾಲು ವಿಷ ಹಾಗೆಯೇ ಉಳಿಯುತ್ತದೆ. ಗಸಿಯನ್ನು ಸುರಕ್ಷಿತವಾದ ಸ್ಥಳಕ್ಕೆ ಸಾಗಿಸದೆ ಎಲ್ಲೋ ಸುರಿದರೆ ಲೆಕ್ಕ ಮತ್ತೆ ತಪ್ಪುತ್ತದೆ.

ವೈಟ್‌ಫೀಲ್ಡಿನ ಸಮೀಪದ ವರ್ತೂರು ಕೆರೆಗೂ ಅದರ ಮೇಲಣ ಬೆಳ್ಳಂದೂರು ಕೆರೆಗೂ ಒದಗಿದ ಗತಿ ಇಂತಹುದೇ. ಮನೆಮನೆಗಳ ಬಚ್ಚಲಿನಿಂದ ಹರಿದುಹೋದ ಮಾರ್ಜಕಗಳೂ ಕೊಳೆಯೂ ಅಲ್ಲಿ ಬಂದು ನೆಲೆಸಿ, ಬಿಳಿಯ ನೊರೆಯಾಗಿ ಎದ್ದು ರಸ್ತೆಗೆ ಹಾರಿದುವು. 2015ರಲ್ಲಿ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿಯೇ ಹತ್ತಿಕೊಂಡಿತು. ಒಂದೊಂದು ಮನೆಯಿಂದ ಹೋದುದು ಒಂದು ಹಿಡಿ ಪುಡಿ ಮಾತ್ರ. ಕೆರೆಯು ಅಷ್ಟನ್ನೂ ಕೂಡಿಸಿ ತೋರಿಸಿತು.

ಲವಾಸಿಯೆಯ ತಕ್ಕಡಿಗಳು ಪ್ಯಾರಿಸಿನ ವಸ್ತುಸಂಗ್ರಹಾಲಯದಲ್ಲಿ ಇಂದಿಗೂ ಇವೆ. ಆತನು ಕಲಿಸಿದ ಲೆಕ್ಕಕ್ಕೆ ವಸ್ತುಸಂಗ್ರಹಾಲಯದಲ್ಲಿ ಜಾಗವಿಲ್ಲ. ಅದು ನಿತ್ಯದ ಬಳಕೆಯದು. ಬಾಣದ ಎಡಬಲಗಳನ್ನು ತಾಳೆನೋಡುವ ವಿದ್ಯಾರ್ಥಿಯೂ, ತೊಟ್ಟಿಯ ನೀರನ್ನು ಹೊರಬಿಡುವ ಮೊದಲು ಪರೀಕ್ಷಿಸುವ ಕೆಲಸಗಾರನೂ ಕೇಳಬೇಕಾದ ಪ್ರಶ್ನೆ ಒಂದೇ: ಒಳಗೆ ಬಂದುದೆಲ್ಲ ಎಲ್ಲಿ ಹೋಯಿತು?